ಮಗು ‘ಸಾಕು’ ಅನ್ನುವುದು

ಮೂಗಿಗೆ ಟ್ಯೂಬ್ ಹಾಕಿದ ಕೂಸನ್ನು ಆಸ್ಪತ್ರೆಯಲ್ಲಿ ನೋಡಿ ಬಂದವರು ನಮ್ಮ ತಾಳವಾಡಿ ಕಡೆ ಹೇಳುವ ಮಾತು ಒಂದೇ: ‘ಇನ್ನೆಲ್ಲಿ ಉಳೀತದೆ ಬುಡಿ.’ ವಯಸ್ಸಾದವರ ಕೊನೆಗಾಲದಲ್ಲಿ ಅಂಥ ಟ್ಯೂಬ್ ನೋಡಿದ್ದೇವಲ್ಲ, ಅದಕ್ಕೇ ಈ ಹೆದರಿಕೆ. ಆಪರೇಷನ್ ಆಗಬೇಕಾದ ಮಕ್ಕಳ ಲೆಕ್ಕ ಬೇರೆ. ಮೈಯಲ್ಲಿ ಕಸುವಿಲ್ಲದ ಮಗುವಿನ ಗಾಯ ಬೇಗ ಕೂಡುವುದಿಲ್ಲ, ಸೋಂಕು ಸುಲಭವಾಗಿ ತಗಲುತ್ತದೆ. ಹೃದಯದ ತೊಂದರೆ ಇರುವ ಹಸುಗೂಸು ಹಾಲು ಚೀಪುವಷ್ಟಕ್ಕೇ ಬೆವೆತು ಏದುಸಿರು ಬಿಡುತ್ತದೆ. ಕುಡಿದದ್ದು ಕಮ್ಮಿ, ದಣಿದದ್ದು ಹೆಚ್ಚು. ಅಂಥ ಕೂಸಿಗೆ ಟ್ಯೂಬ್ ಹಾಕುವುದು ತೂಕ ಬರಲಿ, ಕತ್ತರಿಯನ್ನು ತಾಳಿಕೊಳ್ಳಲಿ ಅಂತ.

ಆದರೂ ತಾಯಿಯೊಬ್ಬಳು ‘ಟ್ಯೂಬ್ ಬೇಡ, ನಾನೇ ಹೆಂಗೋ ಕುಡಿಸ್ತೀನಿ’ ಅಂದರೆ ಅದನ್ನು ತಿಳಿಗೇಡಿತನ ಅನ್ನಲು ನನಗೆ ಮನಸ್ಸು ಬಾರದು. ಉಣಿಸುವ ಕೆಲಸ ತನ್ನ ಕೈಬಿಟ್ಟು ಹೋಯಿತಲ್ಲ ಎಂಬುದೇ ಅವಳ ಸಂಕಟ. ಅವಳಿಗೆ ಒಳಲೆಯನ್ನು ನೆನಪಿಸಬೇಕು. ನಮ್ಮ ಅಜ್ಜಿಯರು ಮೊಲೆ ಹಿಡಿಯದ ಕೂಸಿಗೆ ಅದರ ಮೂತಿಯಿಂದಲೇ ಹಾಲು ಹಾಕುತ್ತಿದ್ದರು. ತಮಿಳಿನವರು ಪಾಲಾಡೈ ಅನ್ನುವುದೂ ಇದನ್ನೇ; ತಿಂಗಳು ತುಂಬದೆ ಹುಟ್ಟಿದ ಕೂಸುಗಳಿಗೆ ಆಸ್ಪತ್ರೆಯಲ್ಲಿ ಇವತ್ತಿಗೂ ಅದರಲ್ಲಿ ಕುಡಿಸುತ್ತಾರೆ. ಒಳಲೆ ನಡುವೆ ಬಂತು ಅಂತ ತಾಯ್ತನ ಕಮ್ಮಿಯಾಯಿತು ಎಂದು ಯಾರೂ ಅಂದವರಿಲ್ಲ.

1968ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ವೈದ್ಯ ಸ್ಟ್ಯಾನ್ಲಿ ಡಡ್ರಿಕ್ ಮತ್ತು ಸಂಗಡಿಗರು ಒಂದು ಹೆಣ್ಣುಕೂಸಿನ ಸಂಗತಿ ಪ್ರಕಟಿಸಿದರು. ಕರುಳು ಸರಿಯಾಗಿಲ್ಲದೆ ಹುಟ್ಟಿದ ಆ ಕೂಸಿಗೆ ಬೇಕಾದ ಆಹಾರವನ್ನೆಲ್ಲ ರಕ್ತನಾಳದ ಮೂಲಕವೇ ಕೊಟ್ಟಿದ್ದರು. ಅದು ಬೆಳೆಯಿತು, ತೂಕವೂ ಬಂತು. ಎರಡು ವರ್ಷ ತುಂಬುವ ಮುಂಚೆಯೇ ತೀರಿಕೊಂಡಿತು, ನಿಜ. ಆದರೆ ಆ ದಾರಿಯಿಂದ ಆಮೇಲೆ ಎಷ್ಟೋ ಮಕ್ಕಳು ಉಳಿದವು.

ಹಾಗಾದರೆ ಒಳಲೆಗೂ ಟ್ಯೂಬಿಗೂ ವ್ಯತ್ಯಾಸವೇ ಇಲ್ಲವೋ? ಇದೆ. ಒಳಲೆಯಲ್ಲಿ ಹಾಕುವಾಗ ಕೂಸು ಬಾಯಿ ಮುಚ್ಚಿಕೊಂಡೀತು, ಉಗುಳೀತು, ಮುಖ ತಿರುಗಿಸೀತು. ಮಾತು ಬರುವ ಮುಂಚೆ ಮಗು ಕಲಿಯುವ ‘ಸಾಕು’ ಅದು. ಟ್ಯೂಬು ಆ ‘ಸಾಕನ್ನು’ ಕಸಿದುಕೊಳ್ಳುತ್ತದೆ. ನನ್ನ ಮಟ್ಟಿಗೆ ನಿಜವಾದ ಧರ್ಮಸೂಕ್ಷ್ಮ ಇರುವುದು ಇಲ್ಲಿ. ಮಗುವಿನ ಪರವಾಗಿ ಹಾಲು ಹಾಕುವವರೇ ‘ಸಾಕು’ ಅನ್ನಬೇಕು. ಟ್ಯೂಬು ಹೊಟ್ಟೆಯಲ್ಲೇ ಇದೆಯೇ ಎಂದು ನರ್ಸಮ್ಮ ಕಲಿಸಿದಂತೆ ಪ್ರತಿ ಸಲವೂ ನೋಡಿಕೊಂಡು, ತಲೆ ಎತ್ತರಿಸಿ ಹಿಡಿದು, ಸಿರಿಂಜಿಗೆ ಹಾಲು ಹುಯ್ದರೆ ಅದು ತಾನಾಗೇ ಇಳಿಯುತ್ತದೆ. ಕೈ ಎತ್ತಿದರೆ ಬೇಗ, ತಗ್ಗಿಸಿದರೆ ನಿಧಾನ. ಕೆಮ್ಮಿತೋ, ಓಕರಿಸಿತೋ, ಹೊಟ್ಟೆ ಬಿಗಿಯಿತೋ, ನಿಲ್ಲಿಸಬೇಕು. ಬಸ್ಸಿಗೆ ಹೊತ್ತಾಯಿತು ಅಂತ ಒತ್ತಿ ತಳ್ಳುವ ಹಾಗಿಲ್ಲ.

‘ಬೇಕು’ ಅನ್ನುವುದನ್ನೂ ಒಂದು ಹೊತ್ತು ತಡೆಯಬೇಕಾಗುತ್ತದೆ. ಮತ್ತು ಬರಿಸಿದಾಗ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದೀತು. ಅದಕ್ಕೇ ಸಾಮಾನ್ಯವಾಗಿ ಗಟ್ಟಿ ಆಹಾರ 6 ಗಂಟೆ, ಎದೆಹಾಲು 4 ಗಂಟೆ, ನೀರು 2 ಗಂಟೆ ಮುಂಚೆ ನಿಲ್ಲಿಸುತ್ತಾರೆ. ‘ಪಾಪ, ಅಳ್ತದೆ’ ಅಂತ ಸೆರಗಿನ ಮರೆಯಲ್ಲಿ ಬಿಸ್ಕತ್ತು ಕೊಡುವ ಅಜ್ಜಿಯ ಪ್ರೀತಿ ಅಲ್ಲಿ ವಿಷವಾಗುತ್ತದೆ. ಆದರೆ ಬೆಳಗಿನ ಆಪರೇಷನ್ ಮಧ್ಯಾಹ್ನಕ್ಕೆ ಹೋದಾಗ ಸುಮ್ಮನೆ ಕೂರುವ ಅಪ್ಪನ ವಿನಯವೂ ನನಗೆ ಒಪ್ಪಿಗೆಯಿಲ್ಲ. ‘ಇನ್ನೆಷ್ಟು ಹೊತ್ತು ಸಾರ್? ನೀರಾದರೂ ಕೊಡಬಹುದಾ?’ ಎಂದು ಕೇಳಬೇಕು. ಮೈಸೂರಾದರೆ ಕನ್ನಡದಲ್ಲಿ, ಕೊಯಮತ್ತೂರಾದರೆ ಬಂದಷ್ಟು ತಮಿಳಿನಲ್ಲಿ.

ತಿಂಗಳುಗಟ್ಟಲೆ ಟ್ಯೂಬಿನಲ್ಲೇ ಉಂಡ ಕೆಲವು ಮಕ್ಕಳು ಆಮೇಲೆ ಬಾಯಿಗೆ ಚಮಚ ತಂದರೆ ಹೆದರುತ್ತವೆ. ಹಾಗಾಗಿ ಟ್ಯೂಬಿನಲ್ಲಿ ಹಾಲು ಇಳಿಯುವಾಗಲೂ ಮಗುವನ್ನು ಮಡಿಲಲ್ಲಿ ಇಟ್ಟುಕೊಂಡು ಮಾತಾಡಿಸುವುದು ಒಳ್ಳೆಯದು. ಡಾಕ್ಟರು ಒಪ್ಪಿದರೆ ತುಟಿಗೆ ಒಂದು ಹನಿ ಹಾಲು ಸವರಬಹುದು. ನೆಕ್ಕಿದರೆ ನೆಕ್ಕಲಿ. ಮುಖ ತಿರುಗಿಸಿದರೆ ಬಿಟ್ಟುಬಿಡಿ.