ರಾಹುಕಾಲದಲ್ಲಿ ಸಂದರ್ಶನ ಬಂದರೆ?

ಪ್ರಶ್ನೆ: ನಾನು ಸಾಫ್ಟ್‌ವೇರ್ ಇಂಜಿನಿಯರ್. ಕಂಪನಿ ಬದಲಿಸುವ ಪ್ರಯತ್ನದಲ್ಲಿದ್ದೇನೆ. ಆನ್‌ಲೈನ್ ಸಂದರ್ಶನ ಬುಧವಾರ ಮಧ್ಯಾಹ್ನ 12.30ಕ್ಕೆ ಇಟ್ಟಿದ್ದಾರೆ. ಅದು ರಾಹುಕಾಲ, ಮೇಲಾಗಿ ಪಿತೃಪಕ್ಷ. ತಂದೆಯವರು ತೀರಿಕೊಂಡು ಎರಡು ವರ್ಷವಾಯಿತು. ಮನೆ ಸಾಲದ ಕಂತು ನನ್ನ ಮೇಲೇ ಇದೆ. ಸಂದರ್ಶನ ಮುಂದೂಡಲು ಕೇಳಲೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಬೇಡ. ರಾಹುಕಾಲ ನೋಡುವುದು ನಾವಾಗಿ ಹೊಸ ಕೆಲಸ ಆರಂಭಿಸುವಾಗ. ನಿಮ್ಮ ಆರಂಭ ಅರ್ಜಿ ಕಳಿಸಿದ ದಿನವೇ ಆಯ್ತು. ಸಂದರ್ಶನ ಅದರ ಮುಂದುವರಿಕೆ, ಹೊತ್ತು ಗೊತ್ತು ಮಾಡಿದವರೂ ಅವರು. ಅಳುಕಿದ್ದರೆ 12ಕ್ಕೆ ಮೊದಲೇ ದೀಪ ಹಚ್ಚಿ, ಸಂಕಲ್ಪ ಮಾಡಿ ಕಂಪ್ಯೂಟರ್ ಮುಂದೆ ಕೂತುಬಿಡಿ. (ಕ್ಯಾಲೆಂಡರಿನ 12ರಿಂದ 1.30 ಕೂಡ ಸೂರ್ಯೋದಯ 6ಕ್ಕೆ ಎಂದಿಟ್ಟುಕೊಂಡ ಲೆಕ್ಕ. ಹಗಲನ್ನು ಎಂಟು ಭಾಗ ಮಾಡಿದರೆ ಊರಿಂದೂರಿಗೆ ಬದಲಾಗುತ್ತೆ.)

ಪಿತೃಪಕ್ಷದಲ್ಲಿ ಮದುವೆ, ಗೃಹಪ್ರವೇಶ ಮಾಡುವುದಿಲ್ಲ, ಸರಿ. ಹೊಟ್ಟೆಪಾಡಿನ ಪ್ರಯತ್ನ ಆ ಸಾಲಿಗೆ ಸೇರದು. ಆದರೆ ಪಂಚಾಂಗ ತೆಗೆದು ಒಂದು ನೋಡಿ: ತಂದೆಯವರ ತಿಥಿ ಆ ಬುಧವಾರವೇ ಬಿದ್ದಿದೆಯೇ? ಹಾಗಿದ್ದರೆ ಮಾತ್ರ ಬೇರೆ ದಿನ ಕೇಳಿ. ಶ್ರಾದ್ಧದ ಹೊತ್ತು ಮಧ್ಯಾಹ್ನದ್ದೇ. ಪಿಂಡದ ಮುಂದೆ ಕೂತು ಫೋನ್ ನೋಡುವಂತಾಗಬಾರದು.

ಮುಹೂರ್ತ ನೋಡಲೇಬೇಕೆಂದರೆ ರಾಜೀನಾಮೆಗೆ ನೋಡಿ, ಅದು ನಿಮ್ಮ ಕೈಯಲ್ಲಿದೆ. ಅದಕ್ಕೂ ಮುಂಚೆ ಹೊಸ ಕಂಪನಿಯ ಆಫರ್ ಲೆಟರ್ ಬಂದಿರಲಿ. ಒಳ್ಳೆ ದಿನ ತಪ್ಪಿಹೋಗುತ್ತೆ ಅಂತ ಬಾಯಿಮಾತು ನಂಬಿ ರಾಜೀನಾಮೆ ಕೊಡಬೇಡಿ. ಕಂತು ಕಟ್ಟೋರು ನೀವು ತಾನೇ. ನೋಟೀಸ್ ಅವಧಿ 90 ದಿನವಿದ್ದರೆ ಹೊಸ ಕಡೆ ಸೇರುವಷ್ಟರಲ್ಲಿ ಧನುರ್ಮಾಸ ಬಂದೀತು. ಅದಕ್ಕೂ ಹೆದರಬೇಡಿ. ಬೆಳಗಿನ ಜಾವ ಪೂಜೆ ಮುಗಿಸಿ, ಹುಗ್ಗಿ ನೈವೇದ್ಯ ಮಾಡಿ ಕೆಲಸಕ್ಕೆ ಹೊರಡಿ.