ನುಡಿಯಿಂದ ನಡೆಯನ್ನಳೆಯಬಹುದೆ?

ಗದಗಿಗೆ ಸಮೀಪದ ನಾಗಾವಿಯಲ್ಲಿ, 2016ರಲ್ಲಿ ಸ್ಥಾಪಿತವಾದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದ ಆವರಣವಿದೆ. ಅಲ್ಲಿ ಓದಿ ಕೆಲಸವನ್ನರಸಿ ಹೊರಡುವ ಒಕ್ಕಲು ಮನೆತನದ ತರುಣನ ಕೈಗೆ ಒಂದು ದಿನ ಪ್ರಶ್ನಾವಳಿಯೊಂದು ಬರಬಹುದು. ಬೇಗ ಸಿಟ್ಟು ಬರುವುದೆ? ಹತ್ತು ಜನರ ನಡುವೆ ಇರುವುದು ಇಷ್ಟವೆ? ಹೌದು, ಅಲ್ಲ ಎಂದು ಗುರುತು ಹಾಕಿದರೆ ಸಾಕು. ಅಂಕಗಳನ್ನು ಕೂಡಿಸಿ ಇವನು ಇಂಥವನೆಂದು ನಿರ್ಣಯಿಸುತ್ತಾರೆ. ಸತ್ಯವನ್ನೇ ನುಡಿಯಬೇಕೆಂದು ಮನೆಯಲ್ಲಿ ಕಲಿತವನು ಇಲ್ಲಿ ಏನು ಮಾಡಬೇಕು? ಸಿಟ್ಟು ಬರುವುದೆಂದು ಒಪ್ಪಿದರೆ ಕೆಲಸ ತಪ್ಪೀತು, ಇಲ್ಲವೆಂದರೆ ಸುಳ್ಳಾದೀತು.

ಈ ಬಗೆಯ ಪ್ರಶ್ನಾವಳಿ ಹುಟ್ಟಿದ್ದು ಯುದ್ಧದ ಅವಶ್ಯಕತೆಯಿಂದ. 1917ರಲ್ಲಿ ಅಮೆರಿಕ ಮಹಾಯುದ್ಧಕ್ಕೆ ಇಳಿದಾಗ, ಕದನದ ಭೀತಿಗೆ ಮನಸ್ಸು ಮುರಿಯಬಹುದಾದ ಸಿಪಾಯಿಗಳನ್ನು ಮೊದಲೇ ಗುರುತಿಸಲು ವುಡ್‌ವರ್ತ್ ಎಂಬ ವಿದ್ವಾಂಸರು ಇಂಥದೊಂದನ್ನು ರಚಿಸಹೊರಟರು. ಮುಂದೆ 1943ರಲ್ಲಿ ಮಿನೆಸೋಟಾ ವಿಶ್ವವಿದ್ಯಾಲಯದ ಹ್ಯಾಥವೇ ಮತ್ತು ಮೆಕಿನ್ಲಿ 500ಕ್ಕೂ ಮಿಕ್ಕ ಹೇಳಿಕೆಗಳ ಪರೀಕ್ಷೆಯನ್ನು ಪ್ರಕಟಿಸಿದರು. ಜನರು ತಮ್ಮನ್ನು ಸಿಂಗರಿಸಿಕೊಂಡು ಹೇಳುವರೆಂಬುದನ್ನು ಅವರು ಬಲ್ಲವರಾಗಿದ್ದರು. ಆದುದರಿಂದ ಮನುಷ್ಯಮಾತ್ರರಿಗೆಲ್ಲ ಇರುವ ಸಣ್ಣಪುಟ್ಟ ಕುಂದುಗಳ ಕುರಿತು 15 ಹೇಳಿಕೆಗಳನ್ನು ನಡುನಡುವೆ ಸೇರಿಸಿದರು. ಅವುಗಳಲ್ಲಿ ಒಂದೂ ತನಗಿಲ್ಲವೆನ್ನುವವನ ಮಿಕ್ಕ ಉತ್ತರಗಳನ್ನೂ ಸಂಶಯದಿಂದ ನೋಡಬೇಕೆಂಬುದು ತಾತ್ಪರ್ಯ. ಚತುರೋಪಾಯವೇ ಸರಿ! ಆದರೂ ಜಾಣನಾದ ಸುಳ್ಳುಗಾರನು ಒಂದೆರಡು ಸಣ್ಣ ತಪ್ಪುಗಳನ್ನೊಪ್ಪಿ ದೊಡ್ಡದನ್ನು ಮರೆಮಾಡಬಲ್ಲನು.

ಸುಳ್ಳಿಗಿಂತ ಸೂಕ್ಷ್ಮವಾದ ತೊಡಕು ಇನ್ನೊಂದುಂಟು. ತನ್ನನ್ನು ಕಟುವಾಗಿ ಪರೀಕ್ಷಿಸಿಕೊಳ್ಳುವವನಿಗೆ ತನ್ನ ದೋಷವೇ ದೊಡ್ಡದಾಗಿ ಕಾಣುತ್ತದೆ. ಬಸವಣ್ಣನವರು ಮನದ ಚಾಂಚಲ್ಯವನ್ನೂ ತಮ್ಮ ನಡೆನುಡಿಗಳ ಅಂತರವನ್ನೂ ವಚನಗಳಲ್ಲಿ ಎಷ್ಟು ಸಲ ತೋಡಿಕೊಂಡಿಲ್ಲ! ಅವರ ಕೈಗೆ ಈ ಕಾಗದವನ್ನಿತ್ತಿದ್ದರೆ ಅಂಕವೇನಾಗುತ್ತಿತ್ತು? ತನ್ನೊಳಗನ್ನು ಒಮ್ಮೆಯೂ ಇಣಿಕಿ ನೋಡದವನು ಅವರಿಗಿಂತ ಸ್ಥಿರಚಿತ್ತನೆನಿಸಿಕೊಳ್ಳುತ್ತಿದ್ದನು.

ಅಂಕವು ಹೋಲಿಕೆಯಿಂದ ಬಂದುದೆಂಬುದನ್ನೂ ಮರೆಯಲಾಗದು. ಮಿನೆಸೋಟಾ ಪರೀಕ್ಷೆಗೆ ಮೊದಲು ಅಳತೆಗೋಲಾದವರು ಬಹುಮಟ್ಟಿಗೆ ಅಲ್ಲಿಯ ಆಸ್ಪತ್ರೆಗೆ ರೋಗಿಗಳನ್ನು ಕಾಣಲು ಬಂದ ನೆಂಟರಿಷ್ಟರು. 1989ರಲ್ಲಿ ಅದನ್ನು ಪರಿಷ್ಕರಿಸಿದರು. ನಾಗಾವಿಯ ರೈತನು ಜಾತ್ರೆಗೆ ಹೋಗುವುದು ಗದ್ದಲ ಪ್ರಿಯವೆಂದಲ್ಲ, ತೇರೆಳೆಯಲು. ಹೊಲ ಕೊಳ್ಳುವ ಮುನ್ನ ಹಿರಿಯರನ್ನು ಕೇಳುವುದು ಅಧೈರ್ಯದಿಂದಲ್ಲ, ಮನೆತನದ ಮರ್ಯಾದೆಯಿಂದ. ಮೈಸೂರಿನಲ್ಲಿ 1924ರಲ್ಲಿ ಮನಃಶಾಸ್ತ್ರ ವಿಭಾಗವನ್ನಾರಂಭಿಸಿದ ಡಾ. ಎಂ. ವಿ. ಗೋಪಾಲಸ್ವಾಮಿಯವರು ಪಾಶ್ಚಾತ್ಯ ಪರೀಕ್ಷೆಗಳನ್ನು ಈ ದೇಶದ ಜನಕ್ಕೆ ಒಗ್ಗಿಸಲು ಶ್ರಮಿಸಿದರು. ಪ್ರಶ್ನೆಯನ್ನು ಕನ್ನಡಿಸಿದರೆ ಸಾಲದು, ಅಳತೆಗೋಲೂ ಇಲ್ಲಿಯದಾಗಬೇಕು.

ಹಾಗೆಂದು ಈ ವಿದ್ಯೆಯನ್ನು ಹಳಿಯಬೇಕಾಗಿಲ್ಲ. ನುರಿತ ವೈದ್ಯನು ರೋಗಿಯೊಡನೆ ಮಾತನಾಡಿ, ಮನೆಯವರನ್ನು ವಿಚಾರಿಸಿ, ಉತ್ತರಗಳನ್ನು ಅದರೊಡನೆ ಹೋಲಿಸಿದಾಗ ಅದು ಉಪಕಾರಿಯೇ. ಕೆಡುಕಾಗುವುದು ಕಾಗದವೊಂದರಿಂದಲೇ ತೀರ್ಪು ಬರೆದಾಗ. ಒಪ್ಪಿಕೊಂಡವನ ಪ್ರಾಮಾಣಿಕತೆಗೆ ದಂಡ ಬೀಳದಂತೆ ನೋಡಿಕೊಳ್ಳುವ ಹೊಣೆ ಕೇಳುವವರದು. ಈಚಿನ ದಶಕಗಳಲ್ಲಿ ಮನಃಶಾಸ್ತ್ರಜ್ಞರು ಅವೇ ಪ್ರಶ್ನೆಗಳನ್ನು ಆತನನ್ನು ಬಲ್ಲ ಸ್ನೇಹಿತರ, ಬಾಳಸಂಗಾತಿಯ ಮುಂದೆಯೂ ಇಡುತ್ತಿದ್ದಾರೆ. ಎರಡು ಕಡೆಯ ಉತ್ತರಗಳು ಪೂರ್ಣವಾಗಿ ಕೂಡಿಬರುವುದು ಅಪರೂಪ. ನಾಡಿನ ಈ ಭಾಗದಲ್ಲಿ ಹೆಣ್ಣು ಕೊಡುವವರು ವರನನ್ನು ಕೇಳುವ ಮೊದಲು ಬದುವಿನಾಚೆಯ ಹೊಲದವನನ್ನು ಕೇಳುವುದುಂಟು: ಎರವು ಒಯ್ದ ಕೂರಿಗೆಯನ್ನು ಇವನು ಹೇಳಿದ ದಿನಕ್ಕೆ ತಂದುಕೊಡುವನೆ?