*ಇಂದಿನ ಚಿಂತನೆ: ಓದಿದ ಲೆಕ್ಕ, ಓದಿನ ಫಲ*




ಇವತ್ತಿನ ಚಿಂತನೆಯನ್ನು ಒಂದು ತಪ್ಪೊಪ್ಪಿಗೆಯಿಂದ ಶುರು ಮಾಡುತ್ತೇನೆ. ಕಳೆದ ಹುಣ್ಣಿಮೆ ದಿನ ನಾವೆಲ್ಲ ಸೇರಿದ್ದಾಗ ಒಬ್ಬರು, "ಮೇಡಂ, ಬಾಬಾಸಾಹೇಬರ 'ಬುದ್ಧ ಮತ್ತು ಅವನ ಧಮ್ಮ' ಓದಿ ಮುಗೀತಾ?" ಎಂದು ಕೇಳಿದರು. "ಹ್ಞೂಂ, ಮುಗೀತು" ಅಂದುಬಿಟ್ಟೆ. ಮುಗಿದಿರಲಿಲ್ಲ. ಗುರುತಿಗೆ ಇಟ್ಟ ಬಸ್ ಟಿಕೆಟ್ ಇನ್ನೂ ಪುಸ್ತಕದ ನಡುವೆಯೇ ಇತ್ತು. ಅರ್ಧ ಗಂಟೆ ಮೊದಲಷ್ಟೇ ಎಲ್ಲರ ಜೊತೆ ಕೂತು ಪಂಚಶೀಲ ಹೇಳಿದ್ದೆ. ಸುಳ್ಳಾಡುವುದಿಲ್ಲ ಎಂಬುದು ಅದರಲ್ಲಿ ನಾಲ್ಕನೆಯದು.

ಯಾಕೆ ಹಾಗೆ ಹೇಳಿದೆ ಎಂದು ರಾತ್ರಿ ಯೋಚಿಸಿದೆ. ಜನವರಿ ಒಂದರಂದು ಡೈರಿಯಲ್ಲಿ "ಈ ವರ್ಷ 24 ಪುಸ್ತಕ" ಎಂದು ಬರೆದಿದ್ದೆ. ಕನ್ನಡ ಎಂ.ಎ. ಮಾಡಿದವಳು, ಮಕ್ಕಳಿಗೆ ದಿನಾ "ಓದಿ, ಓದಿ" ಎನ್ನುವವಳು, ಅಷ್ಟೂ ಓದದಿದ್ದರೆ ಹೇಗೆ ಎಂಬ ಬಿಂಕ. ನಾಲ್ಕು ತಿಂಗಳಾಗುವಷ್ಟರಲ್ಲಿ ಹಿಂದೆ ಬಿದ್ದೆ. ಲೆಕ್ಕ ಸರಿಮಾಡಲು ತೆಳ್ಳಗಿನ ಪುಸ್ತಕಗಳನ್ನೇ ಹುಡುಕತೊಡಗಿದೆ. ಆಮೇಲೆ ಪುಟ ಹಾರಿಸಿದೆ. ಕೊನೆಗೆ ಓದದೇ ಇದ್ದದ್ದನ್ನೂ ಓದಿದೆ ಎಂದೆ. ಒಳ್ಳೆಯದಕ್ಕೆಂದು ಇಟ್ಟುಕೊಂಡ ಗುರಿ ನನ್ನನ್ನು ಶೀಲ ತಪ್ಪುವ ತನಕ ಕರೆದುಕೊಂಡು ಹೋಗಿತ್ತು.

ಧಮ್ಮಪದದ ಮೊದಲ ವರ್ಗದಲ್ಲೇ ಭಗವಾನರು ಒಂದು ಹೋಲಿಕೆ ಕೊಟ್ಟಿದ್ದಾರೆ. ಬಹಳ ಓದಿ, ಬಾಯಿಪಾಠ ಹೇಳಿ, ಅದರಂತೆ ನಡೆಯದವನು ಬೇರೆಯವರ ದನ ಎಣಿಸುವ ದನಗಾಹಿಯ ಹಾಗೆ. ಬೆಳಗ್ಗೆ ಎಣಿಸಿ ಬಿಡುತ್ತಾನೆ, ಸಂಜೆ ಎಣಿಸಿ ಕೊಡುತ್ತಾನೆ. ಹಾಲು ಮಾತ್ರ ಅವನ ಮನೆಗೆ ಬರುವುದಿಲ್ಲ. ನನ್ನ ಡೈರಿ ನೋಡಿಕೊಂಡಾಗ ಆ ದನಗಾಹಿ ನಾನೇ ಅನ್ನಿಸಿತು.

ಹಾಗಾದರೆ ಗುರಿಯೇ ಬೇಡವೇ? ಅದೂ ಸರಿಯಲ್ಲ. ಸೋಣ ಎಂಬ ಭಿಕ್ಷುವಿನ ಕಥೆ ನಮಗೆಲ್ಲ ಗೊತ್ತು. ಸುಖದಲ್ಲಿ ಬೆಳೆದವನು. ಹಟ ಹಿಡಿದು ಚಂಕ್ರಮಣ ಮಾಡಿ ಮಾಡಿ ಕಾಲಲ್ಲಿ ರಕ್ತ ಸುರಿಯಿತು. ಆದರೂ ಫಲ ಕಾಣದೆ, ಮನೆಗೇ ಹೋಗಿಬಿಡೋಣ ಅಂದುಕೊಂಡ. ಭಗವಾನರು ಅವನನ್ನು ಬೈಯಲಿಲ್ಲ. ಅವನು ಮೊದಲು ವೀಣೆ ನುಡಿಸುತ್ತಿದ್ದವನು, ಅದನ್ನೇ ಕೇಳಿದರು. ತಂತಿ ಬಹಳ ಬಿಗಿಯಾದರೆ ನುಡಿಯುತ್ತದೆಯೇ? ಸಡಿಲವಾದರೆ? ಎರಡೂ ಅಲ್ಲ, ಹದವಾಗಿದ್ದರೆ ಮಾತ್ರ. ಜನವರಿಯಲ್ಲಿ ನನ್ನ ತಂತಿ ಬಿಗಿ, ಜೂನ್‌ನಲ್ಲಿ ಸಡಿಲ. ಹದಕ್ಕೆ ತರುವ ಯೋಚನೆಯನ್ನೇ ಮಾಡಿರಲಿಲ್ಲ.

ಹದ ಅಂದರೇನು ಎಂದು ನನಗೆ ತೋರಿಸಿದವರು ನಮ್ಮ ಓದುಕೂಟದ ಒಬ್ಬ ಹಿರಿಯರು. ಅರಸೀಕೆರೆಯಲ್ಲಿ ಕೊಬ್ಬರಿ ಮೂಟೆ ಹೊತ್ತು ಬದುಕಿದವರು, ನಡುವಯಸ್ಸು ದಾಟಿದ ಮೇಲೆ ಅಕ್ಷರ ಕಲಿತವರು. ಸಾಲಿನ ಮೇಲೆ ಬೆರಳಿಟ್ಟು ದಿನಕ್ಕೆ ಧಮ್ಮಪದದ ಒಂದು ಗಾಥೆ ಓದುತ್ತಾರೆ. ಒಟ್ಟು 423 ಗಾಥೆ. ತಪ್ಪದೆ ಓದಿದರೆ ಒಂದು ವರ್ಷ ಎರಡು ತಿಂಗಳಿಗೆ ಮುಗಿಯಬೇಕು. ಅವರದು ಎರಡು ವರ್ಷವಾದರೂ ಮುಗಿದಿಲ್ಲ. ಯಾಕೆ ಎಂದು ಕೇಳಿದೆ.

"ಕ್ರೋಧದ್ದು ಬರ್ತದಲ್ಲ ಟೀಚರಮ್ಮ, ಅಲ್ಲಿ ನಿಂತ್ಕಂಡೆ. ದಿನಾ ಅದೇ ಒಂದನ್ನೇ ಓದೋದು, ಮುಂದಕ್ಕೆ ಹೋಗಕ್ಕೆ ಮನಸ್ಸಾಗ್ತಿರಲಿಲ್ಲ. ಮಗನ ಜೊತೆ ಮಾತು ಬಿಟ್ಟು ಮೂರು ವರ್ಷ ಆಗಿತ್ತು. ಒಂದಿನ ಫೋನ್ ಮಾಡ್ದೆ. ಆಮೇಲೆ ಪುಟ ತಿರುವಿದೆ" ಎಂದರು.

ಬಂಧುಗಳೇ, 24 ಪುಸ್ತಕದ ಆಸೆಯಲ್ಲಿ ನಾನು ಹೀಗೆ ಒಂದು ಪುಟದಲ್ಲೂ ನಿಂತಿರಲಿಲ್ಲ. ನಮ್ಮ ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನವನ್ನೇ ನೋಡಿ. ಇರುವುದು 16 ಸಾಲು. 1936ರಲ್ಲಿ ಡಾ. ಎಂ.ಎಚ್. ಕೃಷ್ಣ ಅವರು ಅದನ್ನು ಬೆಳಕಿಗೆ ತಂದ ಮೇಲೆ ವಿದ್ವಾಂಸರು ಒಂದೊಂದು ಪದದ ಮುಂದೆಯೂ ನಿಂತು ಯೋಚಿಸಿದ್ದಾರೆ. ಓದು ಎಂದರೆ ಹಾಗೆ ನಿಲ್ಲುವುದೂ ಹೌದು.

ಬಾಬಾಸಾಹೇಬರು ಶಾಲೆಯಲ್ಲಿ ಓದುತ್ತಿದ್ದಾಗ ಕೆಳುಸ್ಕರ್ ಎಂಬ ಹಿರಿಯರು ತಾವೇ ಬರೆದ ಬುದ್ಧಚರಿತ್ರೆಯನ್ನು ಅವರಿಗೆ ಉಡುಗೊರೆ ಕೊಟ್ಟರು. ಆಮೇಲೆ ಅವರು ಓದಿದ ಗ್ರಂಥಗಳಿಗೆ ಲೆಕ್ಕವಿಲ್ಲ. ಪುಸ್ತಕಗಳಿಗೆ ಜಾಗ ಬೇಕೆಂದೇ ಮುಂಬೈಯ ದಾದರ್‌ನಲ್ಲಿ 'ರಾಜಗೃಹ' ಕಟ್ಟಿಸಿದವರು. ಆದರೂ ಬಾಲ್ಯದ ಆ ಓದು ಅವರನ್ನು ಬಿಡಲಿಲ್ಲ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಧಮ್ಮದೀಕ್ಷೆ. ಅವರ 'ಬುದ್ಧ ಮತ್ತು ಅವನ ಧಮ್ಮ' ಪ್ರಕಟವಾದದ್ದು ಅವರ ಪರಿನಿರ್ವಾಣದ ನಂತರ, 1957ರಲ್ಲಿ. ಬಾಲಕನ ಕೈಗೆ ಬಂದ ಒಂದು ಪುಸ್ತಕ ಫಲ ಕೊಡಲು ಸುಮಾರು ಅರ್ಧ ಶತಮಾನ ಹಿಡಿಯಿತು. ಅಂಥವರ ಪುಸ್ತಕವನ್ನು ನಾನು ಲೆಕ್ಕಕ್ಕಾಗಿ ಓದಲು ಹೊರಟಿದ್ದೆ.

ಈಗ ಡೈರಿಯ ಆ ಸಾಲಿಗೆ ಅಡ್ಡಗೆರೆ ಎಳೆದಿದ್ದೇನೆ. ಬದಲಿಗೆ ಮೂರು ಮಾತು ಬರೆದುಕೊಂಡಿದ್ದೇನೆ.

🌼 ಸಂಖ್ಯೆ ಬೇಡ, ಹೊತ್ತು ಗೊತ್ತುಮಾಡಿಕೊಳ್ಳಬೇಕು. ನನ್ನದು ಹಳೇಬೀಡಿನ ಕಡೆ ಹೋಗುವ ಬೆಳಗಿನ ಬಸ್ಸು. ಅರಸೀಕೆರೆ ಬಿಟ್ಟು ಜಾವಗಲ್ ಬರುವುದರೊಳಗೆ ಎರಡು ಪುಟ. ಅಲ್ಲಿಯತನಕ ಮೊಬೈಲ್ ಬ್ಯಾಗಿನಲ್ಲಿ.

🌼 ಓದಿದ್ದರಲ್ಲಿ ಇವತ್ತು ನಡೆದು ತೋರಿಸಬಹುದಾದದ್ದು ಒಂದಾದರೂ ಇದೆಯೇ ಎಂದು ಕೇಳಿಕೊಳ್ಳಬೇಕು. ಇದ್ದರೆ ಅದನ್ನು ಮಾಡಿದ ಮೇಲೆಯೇ ಮುಂದಿನ ಪುಟ.

🌼 ಒಂದು ದಿನ ತಪ್ಪಿದರೆ ಮರುದಿನ ನಾಲ್ಕು ಪುಟ ಓದಿ ಸಾಲ ತೀರಿಸುವುದು ಬೇಡ. ಆನಾಪಾನ ಮಾಡುವಾಗ ಮನಸ್ಸು ಎಲ್ಲೋ ಹೋಗಿದೆ ಎಂದು ತಿಳಿದ ಕೂಡಲೇ ಬೈದುಕೊಳ್ಳದೆ ಉಸಿರಿಗೆ ಮರಳುತ್ತೇವಲ್ಲ, ಹಾಗೇ ಪುಟಕ್ಕೆ ಮರಳುವುದು.

ಮೊದಲ ದಿನವೇ ಎರಡನೆಯ ಮಾತು ನನ್ನನ್ನು ಹಿಡಿಯಿತು. ಬಸ್ಸಿನಿಂದ ಇಳಿದವಳೇ ಹುಣ್ಣಿಮೆಯಂದು ಕೇಳಿದವರಿಗೆ ಫೋನ್ ಮಾಡಿ, "ಅವತ್ತು ಸುಳ್ಳು ಹೇಳಿದೆ, ಆ ಪುಸ್ತಕ ಇನ್ನೂ ಅರ್ಧವೂ ಆಗಿಲ್ಲ" ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ನಕ್ಕು, "ನಂದು ಶುರುವೇ ಆಗಿಲ್ಲ ಮೇಡಂ. ನಿಮ್ಮದು ಮುಗೀತು ಅಂದಾಗ ನಾಚಿಕೆ ಆಗಿ ಸುಮ್ಮನಾಗಿದ್ದೆ" ಎಂದರು. ನನ್ನ ಒಂದು ಸುಳ್ಳು ಇನ್ನೊಬ್ಬರ ಓದಿಗೂ ಅಡ್ಡ ನಿಂತಿತ್ತು. ಈಗ ಇಬ್ಬರೂ ಮೊದಲ ಪುಟದಿಂದ ಜೊತೆಗೇ ಓದುತ್ತಿದ್ದೇವೆ.

ನಿಮ್ಮ ಮನೆಯಲ್ಲೂ ಅರ್ಧಕ್ಕೆ ನಿಂತ ಪುಸ್ತಕ ಒಂದಿರಬಹುದು. ಇವತ್ತು ಅದನ್ನು ತೆಗೆಯಿರಿ. ಒಂದೇ ಪುಟ ಸಾಕು.

ಎಲ್ಲರಿಗೂ ಒಳಿತಾಗಲಿ.
ಸಾಧು, ಸಾಧು, ಸಾಧು 🙏